ನಿಮಗಿದು ಗೊತ್ತೇ? ಪಡಸಾಲೆಯೊಳಗೊಂದು ಫೋಟೋ ಸ್ಟುಡಿಯೋ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಯಾವುದೇ ಮನೆಯಲ್ಲಿ ಸ್ಟುಡಿಯೋ ಹೂಡಲು ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಪಡಸಾಲೆ ಸಾಕು. ಕ್ಯಾಮೆರಾ ನಿಮ್ಮಲ್ಲಿದ್ದರೆ ಇನ್ನು ಬೇಕಾದದ್ದು ಒಂದು ಫ್ಲ್ಯಾಶ್, ಒಂದು ಬಿಳಿ ಕೊಡೆ, ಒಂದು ಸ್ಟ್ಯಾಂಡ್, ದೂರದಿಂದ ಫ್ಲ್ಯಾಶ್ ಹೊಡೆಸುವ ಒಂದು ಟ್ರಿಗರ್. ಒಂದು ಲೈಟನ್ನು ಎಲ್ಲಿಡಬೇಕೆಂದು ಕಲಿಯದೆ ನಾಲ್ಕು ಲೈಟು ತಂದರೆ ಗೋಡೆಯ ಮೇಲೆ ನಾಲ್ಕು ನೆರಳು ಬೀಳುತ್ತವೆ, ಅಷ್ಟೇ.

ನಮ್ಮ ವಿಜಯಪುರ (ಬಿಜಾಪುರ) ಜಿಲ್ಲೆಗೆ ಕ್ಯಾಮೆರಾ ಬಂದು ನೂರೈವತ್ತು ವರ್ಷ ದಾಟಿದೆ. ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ 1855ರಲ್ಲಿ ಮುಂಬಯಿ ಸರ್ಕಾರದ ಫೋಟೋಗ್ರಾಫರ್ ಆಗಿ ನೇಮಕಗೊಂಡು ಬಿಜಾಪುರದ ಕಟ್ಟಡಗಳನ್ನು ಸೆರೆಹಿಡಿದರು. ಆ ಚಿತ್ರಗಳು ಮೆಡೋಸ್ ಟೇಲರ್ ಅವರ ಬರಹದೊಂದಿಗೆ 1866ರ ‘ಆರ್ಕಿಟೆಕ್ಚರ್ ಅಟ್ ಬೀಜಾಪುರ್’ ಗ್ರಂಥದಲ್ಲಿ ಸೇರಿದವು. ಆಗಿನ ಕಾಗದದ ನೆಗೆಟಿವ್ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಗುಮ್ಮಟ ಕದಲದೆ ನಿಂತಿತು, ಸರಿ, ಮಗು ನಿಲ್ಲುತ್ತದೆಯೇ? ಇಂದಿನ ಸಣ್ಣ ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಿಂಚಿದರೆ ಕೆಲಸ ಮುಗಿಯಿತು. ಪವರ್ ಕಡಿಮೆ ಮಾಡಿದಷ್ಟೂ ಆ ಮಿಂಚು ಇನ್ನೂ ಚಿಕ್ಕದಾಗುತ್ತದೆ.

1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮೆಗ್ನೀಸಿಯಂ ಪುಡಿಯ ಫ್ಲ್ಯಾಶ್ ತಂದರು. ಅದು ಹೊಗೆ ಕಾರುತ್ತಿತ್ತು, ಕೆಲವೊಮ್ಮೆ ಕೈಯನ್ನೂ ಸುಡುತ್ತಿತ್ತು. 1929ರಲ್ಲಿ ಒಂದೇ ಸಲ ಉರಿಯುವ ಬಲ್ಬ್ ಬಂತು. 1931ರ ಸುಮಾರಿಗೆ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ರೂಪಿಸಿದ ಎಲೆಕ್ಟ್ರಾನಿಕ್ ಫ್ಲ್ಯಾಶಿನ ವಂಶವೇ ಈಗ ನಮ್ಮ ಕೈಯಲ್ಲಿರುವುದು.

ಮನೆಯ ಬಿಳಿ ಕೊಡೆ ಸೂರ್ಯನಿಗಿಂತ ದೊಡ್ಡದು! ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿ.ಮೀ. ಇದ್ದರೂ ದೂರದಿಂದಾಗಿ ಆಕಾಶದಲ್ಲಿ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟೇ. ಮುಖದಿಂದ ಒಂದು ಮೀಟರ್ ದೂರದಲ್ಲಿಟ್ಟ ಒಂದು ಮೀಟರ್ ಅಗಲದ ಕೊಡೆ ಐವತ್ತು ಡಿಗ್ರಿಗೂ ಹೆಚ್ಚು ಜಾಗ ತುಂಬುತ್ತದೆ. ಹಾಗಾಗಿ ಬಿಸಿಲಿನ ನೆರಳು ಕತ್ತರಿಸಿಟ್ಟ ಹಾಗೆ ಬೀಳುತ್ತದೆ, ಕೊಡೆಯ ನೆರಳು ಕೆನ್ನೆಯ ಮೇಲೆ ಮೆಲ್ಲಗೆ ಕರಗುತ್ತದೆ. ಅದೇ ಕೊಡೆಯನ್ನು ನಾಲ್ಕು ಮೀಟರ್ ಹಿಂದೆ ಸರಿಸಿ ನೋಡಿ, ಆ ಮೃದುತ್ವ ಉಳಿಯುವುದಿಲ್ಲ. ಸ್ಟುಡಿಯೋ ಬೆಳಕಿನ ಅರ್ಧ ವಿದ್ಯೆ ಇಷ್ಟರಲ್ಲೇ ಇದೆ.

ಇನ್ನರ್ಧ ವಿದ್ಯೆ ದೂರದ ಲೆಕ್ಕ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಫ್ಲ್ಯಾಶ್ ಮುಖಕ್ಕೆ ಒಂದು ಮೀಟರ್ ದೂರ, ಹಿಂದಿನ ಸುಣ್ಣದ ಗೋಡೆ ಇನ್ನೆರಡು ಮೀಟರ್ ಆಚೆ ಇದ್ದರೆ ಬಿಳಿ ಗೋಡೆಯೇ ಫೋಟೋದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬೂದು ಪರದೆಯನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಕುಟುಂಬದ ಗ್ರೂಪ್ ಫೋಟೋಗೆ ಇದೇ ಲೆಕ್ಕ ತಿರುಗುಮುರುಗು: ಫ್ಲ್ಯಾಶನ್ನು ಸಾಲಿನ ಒಂದು ತುದಿಗೆ ಒಂದು ಮೀಟರ್, ಇನ್ನೊಂದು ತುದಿಗೆ ಮೂರು ಮೀಟರ್ ಇಟ್ಟರೆ ಬೆಳಕಿನ ವ್ಯತ್ಯಾಸ ಒಂಬತ್ತು ಪಟ್ಟು, ಜಾಗವಿದ್ದು ನಾಲ್ಕು ಮತ್ತು ಆರು ಮೀಟರಿಗೆ ಸರಿಸಿದರೆ ಬರೀ ಎರಡೂಕಾಲು ಪಟ್ಟು.

ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಎದುರು ಬದಿಯವರತ್ತ ಫ್ಲ್ಯಾಶ್ ಹೊಡೆಯುವವರಿದ್ದಾರೆ. ಒಳವ್ಯಾಸ ಸುಮಾರು 38 ಮೀಟರ್. ಐಎಸ್‌ಒ 100ರಲ್ಲಿ ಗೈಡ್ ನಂಬರ್ 40 ಇರುವ ಒಳ್ಳೆಯ ಫ್ಲ್ಯಾಶಿಗೂ ಅಲ್ಲಿ ಎಫ್ 1ರ ಹತ್ತಿರದ ಅಪರ್ಚರ್ ಬೇಕು. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ: ಐದು ಮೀಟರಿಗೆ ಎಫ್ 8. ಮೊಬೈಲಿನ ಪುಟ್ಟ ದೀಪಕ್ಕೆ ಎರಡು ಮೂರು ಮೀಟರ್ ದಾಟುವುದೇ ಕಷ್ಟ.

ಶಟರ್ ವೇಗ ಬದಲಿಸಿದರೆ ಫ್ಲ್ಯಾಶಿನ ಬೆಳಕು ಹೆಚ್ಚು ಕಡಿಮೆ ಆಗುವುದಿಲ್ಲ. ಕೋಣೆಯ ಬೆಳಕು ಮಾತ್ರ ಬದಲಾಗುತ್ತದೆ. ಐಎಸ್‌ಒ 100, ಶಟರ್ 1/160, ಎಫ್ 8 ಇಟ್ಟು ಫ್ಲ್ಯಾಶ್ ಇಲ್ಲದೆ ಒಂದು ಚಿತ್ರ ತೆಗೆಯಿರಿ. ಪೂರಾ ಕಪ್ಪಾಗಿ ಬಂದರೆ ಕೋಣೆ ಸಿದ್ಧ; ಇನ್ನು ಮೂಡುವುದೆಲ್ಲ ನೀವು ಹಚ್ಚಿದ ಬೆಳಕು. 1/250 ದಾಟಿದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬೀಳುತ್ತದೆ. ಅದನ್ನು ಕಂಡು ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗಬೇಡಿ.

ಗೋಡೆಗೆ ಹಸಿರು, ನೀಲಿ ಬಣ್ಣ ಬಳಿದ ಮನೆಗಳು ನಮ್ಮಲ್ಲಿ ಬಹಳ. ಆ ಬಣ್ಣ ಬೆಳಕಿನೊಂದಿಗೆ ಮುಖಕ್ಕೂ ಬರುತ್ತದೆ. ಪಕ್ಕದಲ್ಲಿ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಅದು ನೆರಳಿನ ಬದಿಗೆ ಬೆಳಕನ್ನೂ ತುಂಬುತ್ತದೆ. ಎರಡನೇ ಲೈಟಿನ ಖರ್ಚು ಉಳಿಯಿತು.

ಮೇ ತಿಂಗಳ ಮೊದಲ ಹತ್ತು ದಿನಗಳಲ್ಲಿ ಒಮ್ಮೆ, ಆಗಸ್ಟಿನ ಮೊದಲ ಹತ್ತು ದಿನಗಳಲ್ಲಿ ಇನ್ನೊಮ್ಮೆ ಈ ನಾಲ್ಕೂ ಊರುಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಅಂಗಳದಲ್ಲಿ ತೆಗೆದ ಫೋಟೋದಲ್ಲಿ ಕಣ್ಣುಗಳು ಕಪ್ಪು ಗುಳಿಗಳಾಗಿ ಕಾಣುತ್ತವೆ. ಒಳಗೆ ಬನ್ನಿ, ಫ್ಲ್ಯಾಶನ್ನು ತಲೆಗಿಂತ ಸ್ವಲ್ಪ ಎತ್ತರಕ್ಕೆ, ಪಕ್ಕಕ್ಕೆ ನಲವತ್ತೈದು ಡಿಗ್ರಿ ಓರೆಯಾಗಿ ಇಡಿ.

ಫ್ಲ್ಯಾಶ್ ಕೊಳ್ಳಲು ಈಗಲೇ ಆಗದಿದ್ದರೆ ಕನ್ನಡಿ ಇದೆಯಲ್ಲ! ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಪ್ರಸಿದ್ಧ ಬೆಳಕಿನ ಕಂಬವನ್ನು ಮೂಡಿಸಿದ್ದು ಎರಡು ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಒಳಗೆ ತಿರುಗಿಸಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಕನ್ನಡಿಯಿಂದ ಬಂದ ಬಿಸಿಲಿಗೆ ಬಿಳಿ ಧೋತರವನ್ನು ಅಡ್ಡ ಕಟ್ಟಿದರೆ ಪಡಸಾಲೆಯಲ್ಲಿ ಪುಕ್ಕಟೆ ಸಾಫ್ಟ್‌ಬಾಕ್ಸ್ ಸಿದ್ಧ.

ಲಂಬಾಣಿ ತಾಂಡಾದ ಹಿರಿಯಮ್ಮ ಕಾಂಚಳಿ ರವಿಕೆ ತೊಟ್ಟು ಬಂದರೆ ಫ್ಲ್ಯಾಶ್ ಕ್ಯಾಮೆರಾದ ತಲೆಯ ಮೇಲಿರಲೇಬಾರದು. ಕಸೂತಿಯೊಳಗಿನ ಕನ್ನಡಿ ಚೂರುಗಳು ಬೆಳಕನ್ನು ಬಂದ ದಾರಿಗೇ ತಿರುಗಿಸಿ ಚಿತ್ರದ ತುಂಬ ಬಿಳಿ ಚುಕ್ಕೆ ಎಬ್ಬಿಸುತ್ತವೆ. ಕೊಡೆ ಪಕ್ಕಕ್ಕೆ ಹೋದರೆ ಕೆಲವು ಕನ್ನಡಿಗಳು ಹೊಳೆಯುತ್ತವೆ, ಕೆಲವು ಕಪ್ಪಾಗಿ ಉಳಿಯುತ್ತವೆ, ದಾರದ ಬಣ್ಣ ಎದ್ದು ಬರುತ್ತದೆ. ಕನ್ನಡಕಕ್ಕೂ ಇದೇ ಉಪಾಯ. ಕೆಂಗಣ್ಣಿಗೂ ಅಷ್ಟೆ: ಲೆನ್ಸಿಗೆ ಅಂಟಿದ ಫ್ಲ್ಯಾಶಿನ ಬೆಳಕು ಕಣ್ಣಿನ ಹಿಂಪರದೆಯ ರಕ್ತನಾಳಗಳಿಂದ ಮರಳುವುದೇ ಆ ಕೆಂಪು.

ಇಂಡಿಯ ನಿಂಬೆಯನ್ನು ಆನ್‌ಲೈನ್ ಮಾರಲು ಫೋಟೋ ಬೇಕೇ? ಹೋಳು ಮಾಡಿ, ಲೈಟನ್ನು ಹಿಂದಿನಿಂದ ಬಿಡಿ. ರಸದ ತೊಳೆಗಳು ಒಳಗಿನಿಂದಲೇ ಬೆಳಗುತ್ತವೆ.

ಕರೆಂಟು ಹೋದರೂ ಕೆಲಸ ನಿಲ್ಲದು. ಸಣ್ಣ ಫ್ಲ್ಯಾಶ್ ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿ ಓಡುತ್ತದೆ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟ್, ಬಿಸಾಡುವ ಸೆಲ್ 1.5 ವೋಲ್ಟ್, ಆದರೂ ಫ್ಲ್ಯಾಶ್ ಬೇಗ ಸಿದ್ಧವಾಗುವುದು ಮೊದಲನೆಯದರಲ್ಲೇ, ಅದರ ಒಳಪ್ರತಿರೋಧ ಕಡಿಮೆ. ಎರೆಮಣ್ಣಿನ ಧೂಳು ಮಾತ್ರ ಯಾರನ್ನೂ ಬಿಡುವುದಿಲ್ಲ. ಕೆಲಸ ಮುಗಿದ ಕೂಡಲೇ ಸಾಮಾನನ್ನು ಚೀಲಕ್ಕೆ ಸೇರಿಸಿ. ಕೆಟ್ಟ ಫ್ಲ್ಯಾಶನ್ನು ಬಿಚ್ಚಲು ಹೋಗಬೇಡಿ. ಸೆಲ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿನ ಆಸುಪಾಸು ವಿದ್ಯುತ್ ಉಳಿದಿರಬಹುದು, ಅದು ಜೀವಕ್ಕೆ ಅಪಾಯ.

ಹಳ್ಳಿಗಳಲ್ಲಿ ಹಿರಿಯರು ತೀರಿಕೊಂಡಾಗ ಓಟರ್ ಕಾರ್ಡಿನ ಅಂಚೆಚೀಟಿಯಷ್ಟು ಚಿತ್ರವನ್ನೇ ಹಿಗ್ಗಿಸಿ, ಚೌಕಟ್ಟು ಹಾಕಿಸಿ ಗೋಡೆಗೆ ಏರಿಸುವ ಮನೆಗಳು ಇಂದಿಗೂ ಇವೆ. ನಿಮ್ಮ ಪಡಸಾಲೆ ಸ್ಟುಡಿಯೋದ ಮೊದಲ ಫೋಟೋ ಅಜ್ಜ ಅಜ್ಜಿಯದಾಗಲಿ. ಮೊಬೈಲಿನಲ್ಲೇ ಬಿಡಬೇಡಿ, 8×12 ಇಂಚು ಅಳತೆಯ ಪ್ರಿಂಟ್ ಹಾಕಿಸಿ, ಹಿಂಬದಿಗೆ ಹೆಸರು, ಊರು, ಇಸವಿ ಬರೆದಿಡಿ.