ಗುದನಾಳದ ಕ್ಯಾನ್ಸರ್ ಮತ್ತು ಸಿಇಎ ರಕ್ತಪರೀಕ್ಷೆ: ಒಂದು ಸಂಖ್ಯೆ ಹೇಳುವುದೇನು, ಹೇಳದಿರುವುದೇನು?

ಕ್ಯಾನ್ಸರ್ ಎಂಬ ಹೆಸರು ಕೇಳಿದರೆ ಸಾಕು, ಮನೆಮಂದಿಯೆಲ್ಲ ಹೆದರುತ್ತಾರೆ. ಈ ಹೆದರಿಕೆಗೆ ಈಗ ಹೊಸದೊಂದು ಕಾರಣ ಸೇರಿಕೊಂಡಿದೆ. ಅದು ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ 'ಸಿಇಎ' ಎಂಬ ಮೂರಕ್ಷರ. ಊರಿನ ಲ್ಯಾಬುಗಳಲ್ಲಿ 'ಸಂಪೂರ್ಣ ದೇಹ ತಪಾಸಣೆ' ಎಂಬ ಹೆಸರಿನಲ್ಲಿ ಮಾರಾಟವಾಗುವ ಕೆಲವು ಪ್ಯಾಕೇಜುಗಳಲ್ಲಿ ಈ ಪರೀಕ್ಷೆಯೂ ಸೇರಿರುತ್ತದೆ. ಗಲ್ಫಿನಿಂದ ರಜೆಗೆ ಬಂದ ಮಗ ತಂದೆತಾಯಿಗೆ ಪ್ರೀತಿಯಿಂದ ಮಾಡಿಸಿದ ತಪಾಸಣೆಯಲ್ಲಿ ಈ ಸಂಖ್ಯೆ ಸ್ವಲ್ಪ ಹೆಚ್ಚಾಗಿ ಬಂದರೆ ಆ ಮನೆಯಲ್ಲಿ ಯಾರಿಗೂ ನಿದ್ರೆ ಇಲ್ಲ. ಇನ್ನೊಂದು ಮನೆಯಲ್ಲಿ ಮಲದೊಂದಿಗೆ ರಕ್ತ ಹೋಗುತ್ತಿದ್ದರೂ ಈ ಸಂಖ್ಯೆ ಸರಿಯಾಗಿದೆ ಎಂದು ನೆಮ್ಮದಿಯಿಂದ ಕುಳಿತಿರುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ. ಆದ್ದರಿಂದ ಈ ಪರೀಕ್ಷೆ ಏನು, ಯಾರಿಗೆ, ಯಾವಾಗ ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ತಿಳಿದುಕೊಳ್ಳೋಣ.

ಟ್ಯೂಮರ್ ಮಾರ್ಕರ್ ಎಂದರೇನು?

ಕ್ಯಾನ್ಸರ್ ಗಡ್ಡೆಯ ಜೀವಕೋಶಗಳು ಕೆಲವು ವಸ್ತುಗಳನ್ನು ಹೆಚ್ಚಿನ ಪ್ರಮಾಣದಲ್ಲಿ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಅಳೆಯಬಹುದಾದ ಇಂತಹ ವಸ್ತುಗಳಿಗೆ ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿಇಎ, ಅಂದರೆ ಕಾರ್ಸಿನೋ ಎಂಬ್ರಿಯಾನಿಕ್ ಆಂಟಿಜೆನ್.

1965ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುವೆಲ್ ಫ್ರೀಡ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಕರುಳಿನ ಕ್ಯಾನ್ಸರ್ ಗಡ್ಡೆಯಲ್ಲಿ ದೊರೆತ ಈ ವಸ್ತು ತಾಯಿಯ ಗರ್ಭದಲ್ಲಿರುವ ಶಿಶುವಿನ ಕರುಳಿನಲ್ಲೂ ಇತ್ತು. ಕ್ಯಾನ್ಸರ್ ಮತ್ತು ಭ್ರೂಣ ಎರಡನ್ನೂ ಸೂಚಿಸುವ ಹೆಸರು ಅದಕ್ಕೆ ಬಂದದ್ದು ಹೀಗೆ. ಕ್ಯಾನ್ಸರನ್ನು ಒಂದು ಹನಿ ರಕ್ತದಲ್ಲೇ ಪತ್ತೆ ಮಾಡಬಹುದು ಎಂಬ ದೊಡ್ಡ ಆಸೆ ಆಗ ಹುಟ್ಟಿತು. ಆದರೆ ಆರೋಗ್ಯವಂತರಲ್ಲೂ ಇದು ಅಲ್ಪ ಪ್ರಮಾಣದಲ್ಲಿರುತ್ತದೆ ಎಂಬುದು ಮುಂದೆ ತಿಳಿದುಬಂತು.

ಆರೋಗ್ಯವಂತ ಕರುಳಿನಲ್ಲಿ ಸಿಇಎ ಜೀವಕೋಶಗಳ ಒಳಮೈಯಲ್ಲಿ, ಅಂದರೆ ಮಲ ಸಾಗುವ ಕಡೆಯಲ್ಲಿ ಇರುತ್ತದೆ ಮತ್ತು ಮಲದೊಂದಿಗೇ ಹೊರಗೆ ಹೋಗುತ್ತದೆ. ಕ್ಯಾನ್ಸರ್ ಬಂದಾಗ ಜೀವಕೋಶಗಳ ಸಾಲು ತಪ್ಪುತ್ತದೆ. ಒಳಮೈ ಯಾವುದು, ಹೊರಮೈ ಯಾವುದು ಎಂಬ ವ್ಯವಸ್ಥೆಯೇ ಉಳಿಯುವುದಿಲ್ಲ. ಆಗ ಸಿಇಎ ರಕ್ತಕ್ಕೆ ಸೋರತೊಡಗುತ್ತದೆ. ರಕ್ತದಲ್ಲಿರುವ ಸಿಇಎಯನ್ನು ಒಡೆದು ತೆಗೆದುಹಾಕುವ ಕೆಲಸ ಯಕೃತ್ತಿನದು.

ಎಷ್ಟಿದ್ದರೆ ಸರಿ?

ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಎಷ್ಟು ನ್ಯಾನೋಗ್ರಾಂ ಸಿಇಎ ಇದೆ ಎಂದು ಅಳೆಯಲಾಗುತ್ತದೆ. ಒಂದು ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಧೂಮಪಾನ ಮಾಡದವರಲ್ಲಿ ಇದು ಸಾಮಾನ್ಯವಾಗಿ 3ಕ್ಕಿಂತ ಕಡಿಮೆ, ಮಾಡುವವರಲ್ಲಿ 5ರವರೆಗೂ ಇರಬಹುದು. ಹೆಚ್ಚಿನ ಕಡೆ 5 ಎಂಬುದನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತಾರೆ.

ಗಡಿ ದಾಟಿದರೆ ಕ್ಯಾನ್ಸರ್ ಇದೆ ಎಂದು ಅರ್ಥವಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ, ಯಕೃತ್ತಿನ ಕಾಯಿಲೆ ಇರುವವರಲ್ಲಿ, ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ, ಕರುಳಿನ ದೀರ್ಘಕಾಲದ ಹುಣ್ಣಿನಲ್ಲಿ, ಶ್ವಾಸಕೋಶದ ಹಳೆಯ ಕಾಯಿಲೆಗಳಲ್ಲಿ ಇದು ಹೆಚ್ಚಬಹುದು. ಯಕೃತ್ತು ಸೋತಾಗ ಸಿಇಎ ಒಡೆಯುವ ಕೆಲಸ ನಿಧಾನವಾಗುವುದೇ ಅಲ್ಲಿ ಕಾರಣ. ಇಂತಹ ಸಂದರ್ಭಗಳಲ್ಲಿ ಏರಿಕೆ ಸಾಮಾನ್ಯವಾಗಿ ಅಲ್ಪ; 10ನ್ನು ದಾಟುವುದು ಕಡಿಮೆ. ಹೊಟ್ಟೆ, ಶ್ವಾಸಕೋಶ, ಸ್ತನ ಮುಂತಾದ ಬೇರೆ ಅಂಗಗಳ ಕ್ಯಾನ್ಸರಿನಲ್ಲೂ ಸಿಇಎ ಏರುವುದುಂಟು. ಆದ್ದರಿಂದ ಈ ಸಂಖ್ಯೆ ಕ್ಯಾನ್ಸರ್ ಎಲ್ಲಿದೆ ಎಂದೂ ಹೇಳಲಾರದು.

ಅದೇ ರೀತಿ ಗಡಿಯೊಳಗಿದ್ದರೆ ಕ್ಯಾನ್ಸರ್ ಇಲ್ಲ ಎಂದೂ ಅಲ್ಲ. ಗುದನಾಳದ ಕ್ಯಾನ್ಸರಿನ ಮೊದಲ ಹಂತದಲ್ಲಿರುವ ಬಹುತೇಕ ರೋಗಿಗಳ ಸಿಇಎ ಸರಿಯಾಗಿಯೇ ಇರುತ್ತದೆ. ರೋಗ ಹರಡಿದವರಲ್ಲೂ ಕೆಲವರಿಗೆ ಇದು ಏರುವುದೇ ಇಲ್ಲ. ಗುಣಪಡಿಸಲು ಸುಲಭವಾದ ಹಂತದಲ್ಲೇ ಈ ಪರೀಕ್ಷೆ ಮೌನವಾಗಿರುತ್ತದೆ. ಈ ಕಾರಣಕ್ಕೇ ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಸಿಇಎ ಬಳಸಬಾರದೆಂದು ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸಂಘವು 2006ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ರೋಗ ಪತ್ತೆ ಹೇಗೆ?

ಗುದನಾಳವೆಂದರೆ ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗ. ಮಲದಲ್ಲಿ ರಕ್ತ ಅಥವಾ ಲೋಳೆ, ಮಲವಿಸರ್ಜನೆಯ ಅಭ್ಯಾಸದಲ್ಲಿ ವಾರಗಟ್ಟಲೆ ಉಳಿಯುವ ಬದಲಾವಣೆ, ಎಷ್ಟು ಸಲ ಹೋಗಿ ಬಂದರೂ ಇನ್ನೂ ಹೋಗಬೇಕೆನಿಸುವುದು, ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಯುವುದು ಇದರ ಲಕ್ಷಣಗಳು. ನಮ್ಮಲ್ಲಿ ರಕ್ತ ಕಂಡ ಕೂಡಲೇ 'ಮೂಲವ್ಯಾಧಿ ಇರಬೇಕು' ಎಂದು ತಾವೇ ತೀರ್ಮಾನಿಸಿ ಮದ್ದು ಮಾಡುವವರು ಬಹಳ. ಹೆಚ್ಚಿನವರಿಗೆ ಅದು ಮೂಲವ್ಯಾಧಿಯೇ ಆಗಿರುತ್ತದೆ ಎಂಬುದೂ ನಿಜ. ಆದರೆ ಪರೀಕ್ಷಿಸದೆ ಇದನ್ನು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಮಾಡುವ ಒಂದು ನಿಮಿಷದ ಪರೀಕ್ಷೆಯಲ್ಲೇ ಗುದನಾಳದ ಕೆಳಭಾಗದ ಗಡ್ಡೆಯನ್ನು ಗುರುತಿಸಬಹುದು. ನಾಚಿಕೆಯಿಂದ ಈ ಪರೀಕ್ಷೆಯನ್ನು ಬೇಡವೆಂದು ಅದರ ಬದಲು ರಕ್ತಪರೀಕ್ಷೆ ಮಾಡಿಸಿದರೆ ಪ್ರಯೋಜನವಿಲ್ಲ. ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಮತ್ತು ಗಡ್ಡೆಯ ಚೂರನ್ನು ತೆಗೆದು ಮಾಡುವ ಬಯಾಪ್ಸಿಯಿಂದ ಮಾತ್ರ ರೋಗ ಖಚಿತವಾಗುತ್ತದೆ. ಅಮೆರಿಕದಲ್ಲಿ 2016 ಮತ್ತು 2024ರಲ್ಲಿ ಕರುಳಿನ ಕ್ಯಾನ್ಸರ್ ತಪಾಸಣೆಗೆಂದೇ ಬೇರೆ ರಕ್ತಪರೀಕ್ಷೆಗಳಿಗೆ ಅನುಮತಿ ದೊರೆತಿದೆ. ಅವು ನೋಡುವುದು ರಕ್ತದಲ್ಲಿರುವ ಡಿಎನ್‌ಎ ತುಣುಕುಗಳನ್ನು, ಸಿಇಎಯನ್ನಲ್ಲ. ಅವುಗಳಲ್ಲಿ ದೋಷ ಕಂಡರೂ ಮುಂದೆ ಕೊಲೊನೋಸ್ಕೋಪಿ ಮಾಡಿಸಲೇಬೇಕು.

ಸಿಇಎಯ ನಿಜವಾದ ಕೆಲಸ

ರೋಗ ಖಚಿತವಾದ ಮೇಲೆಯೇ ಸಿಇಎಯ ಕೆಲಸ ಆರಂಭ. ಮೊದಲನೆಯದಾಗಿ, ಚಿಕಿತ್ಸೆಗೆ ಮುಂಚೆ ಒಮ್ಮೆ ಇದನ್ನು ಅಳೆದಿಡುತ್ತಾರೆ. ಇದು ಆ ರೋಗಿಯ ಆರಂಭದ ಅಳತೆ. ಆಗಲೇ ತುಂಬಾ ಹೆಚ್ಚಿದ್ದರೆ ರೋಗ ಬೇರೆಡೆಗೆ ಹರಡಿರಬಹುದೇ ಎಂದು ವೈದ್ಯರು ಇನ್ನಷ್ಟು ಎಚ್ಚರದಿಂದ ಹುಡುಕುತ್ತಾರೆ.

ಎರಡನೆಯದಾಗಿ, ಶಸ್ತ್ರಚಿಕಿತ್ಸೆಯ ಫಲಿತಾಂಶ ತಿಳಿಯಲು ಇದು ಸಹಕಾರಿ. ಗಡ್ಡೆ ಪೂರ್ತಿಯಾಗಿ ಹೋದರೆ ರಕ್ತದಲ್ಲಿ ಉಳಿದಿರುವ ಸಿಇಎ ದಿನದಿಂದ ದಿನಕ್ಕೆ ಇಳಿಯುತ್ತಾ ಸುಮಾರು 4ರಿಂದ 6 ವಾರಗಳಲ್ಲಿ ಸಹಜ ಮಟ್ಟಕ್ಕೆ ಬರುತ್ತದೆ. ಬಾರದಿದ್ದರೆ ಎಲ್ಲೋ ರೋಗ ಉಳಿದಿರಬಹುದು ಎಂಬ ಸಂಶಯ ಮೂಡುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯಾದ ಮರುದಿನವೇ ಪರೀಕ್ಷೆ ಮಾಡಿಸಿ 'ಇನ್ನೂ ಇಳಿದಿಲ್ಲವಲ್ಲ' ಎಂದು ಚಿಂತಿಸುವ ಅಗತ್ಯವಿಲ್ಲ.

ಮೂರನೆಯದು ಮತ್ತು ಅತಿ ಮುಖ್ಯವಾದದ್ದು, ರೋಗ ಮರಳಿ ಬರುತ್ತಿದೆಯೇ ಎಂಬ ಕಾವಲು. ಸಾಮಾನ್ಯವಾಗಿ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಅನಂತರ 6 ತಿಂಗಳಿಗೊಮ್ಮೆ, ಒಟ್ಟು 5 ವರ್ಷಗಳವರೆಗೆ ಈ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಯಕೃತ್ತಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಒಂದೆರಡು ಸಣ್ಣ ಗಡ್ಡೆಗಳು ಮಾತ್ರ ಕಾಣಿಸಿಕೊಂಡಾಗಲೇ ತಿಳಿದರೆ ಅವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಗುಣಪಡಿಸುವ ಅವಕಾಶವಿದೆ. ಈ ಎಲ್ಲಾ ಓಡಾಟ ಆ ಅವಕಾಶಕ್ಕಾಗಿ.

ಬ್ರಿಟನ್ನಿನ 39 ಆಸ್ಪತ್ರೆಗಳಲ್ಲಿ ಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 1202 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮರಳಿದ ರೋಗಕ್ಕೆ ಗುಣಪಡಿಸುವ ಉದ್ದೇಶದ ಶಸ್ತ್ರಚಿಕಿತ್ಸೆ ಸಾಧ್ಯವಾದದ್ದು ಕನಿಷ್ಠ ತಪಾಸಣೆ ಮಾಡಿದ ಗುಂಪಿನಲ್ಲಿ ಶೇ. 2.3 ಮಂದಿಗೆ, ಸಿಇಎ ಗುಂಪಿನಲ್ಲಿ ಶೇ. 6.7 ಮಂದಿಗೆ, ಸಿಟಿ ಸ್ಕ್ಯಾನ್ ಗುಂಪಿನಲ್ಲಿ ಶೇ. 8 ಮಂದಿಗೆ. ಎರಡನ್ನೂ ಸೇರಿಸಿ ಮಾಡಿದ ಗುಂಪಿನಲ್ಲಿ ಇದು ಶೇ. 6.6. ಆದರೆ ಒಟ್ಟು ಸಾವಿನ ಪ್ರಮಾಣದಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಅಂದರೆ ಕಾವಲು ಪ್ರಯೋಜನಕಾರಿ, ಆದರೆ ಪವಾಡವೇನಲ್ಲ.

ಕಾವಲುಗಾರನ ಮಿತಿಗಳು

2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಮರ್ಶೆಯ ಪ್ರಕಾರ, 5ನ್ನು ಗಡಿಯಾಗಿಟ್ಟರೆ ರೋಗ ಮರಳಿದ 100 ಮಂದಿಯಲ್ಲಿ ಸುಮಾರು 71 ಮಂದಿಯನ್ನು ಸಿಇಎ ಗುರುತಿಸುತ್ತದೆ. 29 ಮಂದಿ ತಪ್ಪಿಹೋಗುತ್ತಾರೆ. ರೋಗ ಮರಳದ 100 ಮಂದಿಯಲ್ಲಿ ಸುಮಾರು 12 ಮಂದಿಗೆ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ.

ಗುದನಾಳದ ವಿಷಯದಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ದೊಡ್ಡ ಕರುಳಿನಿಂದ ಮತ್ತು ಗುದನಾಳದ ಮೇಲ್ಭಾಗದಿಂದ ಹೊರಟ ರಕ್ತ ಮೊದಲು ಯಕೃತ್ತಿಗೆ ಹೋಗುತ್ತದೆ. ಗುದನಾಳದ ಕೆಳಭಾಗದ ರಕ್ತವಾದರೋ ಯಕೃತ್ತನ್ನು ಬಿಟ್ಟು ನೇರವಾಗಿ ಹೃದಯದ ಮೂಲಕ ಶ್ವಾಸಕೋಶ ತಲುಪಬಹುದು. ಸಿಇಎ ಹೆಚ್ಚು ಚೆನ್ನಾಗಿ ಗುರುತಿಸುವುದು ಯಕೃತ್ತಿಗೆ ಹರಡಿದ ರೋಗವನ್ನು. ಶ್ವಾಸಕೋಶಕ್ಕೆ ಹರಡಿದ್ದನ್ನು ಮತ್ತು ಶಸ್ತ್ರಚಿಕಿತ್ಸೆಯಾದ ಜಾಗದಲ್ಲೇ ಮರಳಿದ್ದನ್ನು ಅದು ಅಷ್ಟು ಚೆನ್ನಾಗಿ ಗುರುತಿಸುವುದಿಲ್ಲ. ಆದ್ದರಿಂದ 'ರಕ್ತ ಸರಿಯಿದೆ, ಸ್ಕ್ಯಾನ್ ಯಾಕೆ?' ಎಂದು ಕೇಳಿ ಸ್ಕ್ಯಾನನ್ನಾಗಲಿ ಕೊಲೊನೋಸ್ಕೋಪಿಯನ್ನಾಗಲಿ ಬಿಡಬಾರದು. ಕೀಮೋ ಮತ್ತು ವಿಕಿರಣ ಚಿಕಿತ್ಸೆಯಿಂದಲೇ ಗಡ್ಡೆ ಪೂರ್ತಿ ಕರಗಿದಂತೆ ಕಂಡು, ಶಸ್ತ್ರಚಿಕಿತ್ಸೆ ಮಾಡದೆ ಕಾದು ನೋಡುವ ಕ್ರಮವೂ ಈಗ ಕೆಲವು ರೋಗಿಗಳಿಗೆ ಇದೆ. ಅವರಿಗಂತೂ ಬೆರಳಿನ ಪರೀಕ್ಷೆ, ಕ್ಯಾಮೆರಾ ಪರೀಕ್ಷೆ ಮತ್ತು ಎಂಆರ್‌ಐ ತಪ್ಪದೆ ಆಗಬೇಕು.

ಒಂದು ಸಂಖ್ಯೆಗಿಂತ ಅದು ಸಾಗುವ ದಾರಿ ಮುಖ್ಯ. ಒಬ್ಬರ ವರದಿಗಳು 5.6, 5.2, 5.8, 5.4 ಎಂದಿವೆ ಎಂದುಕೊಳ್ಳೋಣ. ಪ್ರತಿ ಸಲವೂ ಗಡಿ ದಾಟಿದೆ, ಆದರೆ ನಿಂತಲ್ಲೇ ನಿಂತಿದೆ. ಇನ್ನೊಬ್ಬರದು 1.8, 2.4, 3.5, 4.8. ಒಮ್ಮೆಯೂ ಗಡಿ ದಾಟಿಲ್ಲ, ಆದರೆ ಏರುತ್ತಲೇ ಇದೆ. ವೈದ್ಯರಿಗೆ ಹೆಚ್ಚು ಯೋಚನೆಯಾಗುವುದು ಎರಡನೆಯವರ ಬಗ್ಗೆ. ಏರಿಕೆ ಕಂಡಾಗ ಮೊದಲು ಪರೀಕ್ಷೆಯನ್ನು ಪುನಃ ಮಾಡಿಸಿ ಖಚಿತಪಡಿಸುತ್ತಾರೆ, ಆಮೇಲೆ ಸ್ಕ್ಯಾನ್ ಮಾಡಿಸುತ್ತಾರೆ. ಸಿಇಎ ಏರಿದೆ ಎಂಬ ಒಂದೇ ಕಾರಣಕ್ಕೆ ಕೀಮೋ ಆರಂಭಿಸುವುದಿಲ್ಲ. ಕೀಮೋ ಆರಂಭವಾದ ಮೊದಲ ಕೆಲವು ವಾರಗಳಲ್ಲಿ ಸಿಇಎ ತಾತ್ಕಾಲಿಕವಾಗಿ ಏರುವುದೂ ಉಂಟು. ಅದನ್ನು ನೋಡಿ ಚಿಕಿತ್ಸೆ ಫಲಿಸುತ್ತಿಲ್ಲ ಎಂದು ನಡುವೆ ನಿಲ್ಲಿಸಬಾರದು.

ಕೆಲವು ವರದಿಗಳಲ್ಲಿ ಸಿಎ 19-9 ಎಂಬ ಇನ್ನೊಂದು ಮಾರ್ಕರ್ ಕೂಡ ಇರುತ್ತದೆ. ಇದು ಮುಖ್ಯವಾಗಿ ಮೇದೋಜೀರಕ ಗ್ರಂಥಿ ಮತ್ತು ಪಿತ್ತನಾಳದ ಕ್ಯಾನ್ಸರಿಗೆ ಬಳಸುವಂಥದ್ದು. ರಕ್ತದ ಒಂದು ಅನುವಂಶೀಯ ಗುಣದಿಂದಾಗಿ ಕೆಲವರ ದೇಹದಲ್ಲಿ ಇದು ತಯಾರಾಗುವುದೇ ಇಲ್ಲ. ಗುದನಾಳದ ಕ್ಯಾನ್ಸರಿನ ತಪಾಸಣೆಯಲ್ಲಿ ಇದು ಸಿಇಎಯ ಸ್ಥಾನವನ್ನು ತುಂಬಲಾರದು.

ರೋಗಿಗಳಿಗೆ, ಮನೆಯವರಿಗೆ ಕೆಲವು ಕಿವಿಮಾತು

ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಬೇರೆ ಬೇರೆ ಯಂತ್ರಗಳ ಅಳತೆಯಲ್ಲಿ ವ್ಯತ್ಯಾಸವಿರುತ್ತದೆ. ಲ್ಯಾಬ್ ಬದಲಾದರೆ ಏರಿದ್ದು ರೋಗವೋ ಯಂತ್ರವೋ ಎಂದು ತಿಳಿಯುವುದಿಲ್ಲ. ಹಳೆಯ ವರದಿಗಳನ್ನೆಲ್ಲ ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿಟ್ಟು ಪ್ರತಿ ಸಲವೂ ಕೊಂಡೊಯ್ಯಿರಿ. ಧೂಮಪಾನದ ಅಭ್ಯಾಸವನ್ನು ವೈದ್ಯರಿಂದ ಮುಚ್ಚಿಡಬೇಡಿ. ಕೂದಲು, ಉಗುರಿನ ಆರೋಗ್ಯಕ್ಕೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ತಿಳಿಸಿ. ಕೆಲವು ಯಂತ್ರಗಳಲ್ಲಿ ಅದು ಸಿಇಎಯನ್ನು ಇರುವುದಕ್ಕಿಂತ ಕಡಿಮೆ ತೋರಿಸಬಹುದು.

ವರದಿಯ ಫೋಟೋವನ್ನು ಮೊಬೈಲಿನಲ್ಲಿ ಹತ್ತು ಮಂದಿಗೆ ಕಳುಹಿಸಿ ಹತ್ತು ಅಭಿಪ್ರಾಯ ಕೇಳುವುದಕ್ಕಿಂತ ಚಿಕಿತ್ಸೆ ನೀಡುವ ವೈದ್ಯರಲ್ಲಿ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು: ಕಳೆದ ಸಲಕ್ಕಿಂತ ಇದು ಏರಿದೆಯೇ? ಪುನಃ ಯಾವಾಗ ಪರೀಕ್ಷಿಸಬೇಕು? ಮುಂದಿನ ಸ್ಕ್ಯಾನ್ ಮತ್ತು ಕೊಲೊನೋಸ್ಕೋಪಿ ಯಾವಾಗ?

ಶಸ್ತ್ರಚಿಕಿತ್ಸೆಯಾಗಿ ಒಂದೆರಡು ವರ್ಷ ಕಳೆದು ಆರೋಗ್ಯ ಚೆನ್ನಾಗಿದೆ ಎನಿಸಿದಾಗ ತಪಾಸಣೆಗೆ ಹೋಗಲು ಮನಸ್ಸಾಗುವುದಿಲ್ಲ. ಖರ್ಚು, ಪ್ರಯಾಣ, ಮನೆಯವರ ರಜೆ, ಎಲ್ಲಕ್ಕಿಂತ ಹೆಚ್ಚಾಗಿ ವರದಿಯ ಭಯ. ಆ ದಿನಗಳಲ್ಲಿ ರೋಗಿಯ ಜೊತೆ ಆಸ್ಪತ್ರೆಗೆ ಹೋಗಿ ಬರಲು ಮನೆಯಿಂದಲೋ ನೆರೆಮನೆಯಿಂದಲೋ ಒಬ್ಬರು ಮುಂದೆ ಬಂದರೆ ಅದು ದೊಡ್ಡ ಸಹಾಯ. ಇನ್ನು ರೋಗವಿಲ್ಲದವರು ನೆನಪಿಡಬೇಕಾದದ್ದು ಇಷ್ಟೇ: ಮಲದಲ್ಲಿ ರಕ್ತ ಕಂಡರೆ ಸಿಇಎ ಪರೀಕ್ಷೆಗಾಗಿ ಲ್ಯಾಬಿಗೆ ಓಡಬೇಡಿ, ನಾಚಿಕೆ ಬಿಟ್ಟು ವೈದ್ಯರ ಬಳಿಗೆ ಹೋಗಿ.