ಕೊನೆಯ ನಾಲ್ಕು ದಿನ ಕಬ್ಬಿನ ಊರಲ್ಲಿ

ದೂರದ ಊರಿಗೆ ರಜೆಗೆ ಹೊರಟವರಿಗೆ ನನ್ನದೊಂದು ಬಿಟ್ಟಿ ಸಲಹೆ. ನೋಡಬೇಕಾದ್ದನ್ನೆಲ್ಲ ಮೊದಲೇ ನೋಡಿ ಮುಗಿಸಿ, ಕೊನೆಯ ಮೂರ್ನಾಲ್ಕು ದಿನ ಖಾಲಿ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ನಾನು ಆಸ್ಟ್ರೇಲಿಯಾದಲ್ಲಿರುವ ಗೆಳೆಯನ ಹತ್ತಿರ ಹದಿನೆಂಟು ದಿನ ಇದ್ದು ಬಂದೆ. ಸಿಡ್ನಿಯ ಒಪೆರಾ ಹೌಸ್, ಹಾರ್ಬರ್ ಬ್ರಿಡ್ಜ್, ಬ್ರಿಸ್ಬೇನ್ ನದಿಯ ದೋಣಿ, ಎಲ್ಲದರ ಫೋಟೊಗಳೂ ಮೊಬೈಲಿನಲ್ಲಿವೆ. ಕೇಳಿದವರಿಗೆ ತೋರಿಸುತ್ತೇನೆ. ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಏನೂ ಕೆಲಸವಿಲ್ಲದೆ ಕಳೆದ ಕೊನೆಯ ನಾಲ್ಕು ದಿನ.

ಗೆಳೆಯ ಇರುವುದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮಕಾಯ್ ಎಂಬ ಊರಿನಲ್ಲಿ. ಬ್ರಿಸ್ಬೇನ್‌ನಿಂದ ಉತ್ತರಕ್ಕೆ ಒಂದೂವರೆ ಗಂಟೆ ವಿಮಾನ. ರಸ್ತೆಯಲ್ಲಾದರೆ ಸಾವಿರ ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ನಮ್ಮಿಬ್ಬರದೂ ಯಲಿಯೂರು. ನಮ್ಮೂರ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಮಂಡ್ಯಕ್ಕೆ ಕಾಲೇಜಿಗೆ ಹೋಗುತ್ತಿದ್ದವರು. ಅವನು ಮೆಕ್ಯಾನಿಕಲ್ ಓದಿದ. ಮಕಾಯ್ ಸುತ್ತಮುತ್ತ ಬೋವೆನ್ ಬೇಸಿನ್ ಎಂಬ ಕಡೆ ದೊಡ್ಡ ದೊಡ್ಡ ಕಲ್ಲಿದ್ದಲು ಗಣಿಗಳಿವೆ. ಅಲ್ಲಿನ ಯಂತ್ರಗಳನ್ನು ರಿಪೇರಿ ಮಾಡುವ ವರ್ಕ್‌ಶಾಪೊಂದರಲ್ಲಿ ಅವನಿಗೆ ಕೆಲಸ. ಸಿಡ್ನಿ, ಮೆಲ್ಬರ್ನ್ ಬಿಟ್ಟು ಇಲ್ಲಿಗೇಕೆ ಬಂದ ಎಂದರೆ ವೀಸಾ ಕಾರಣ. ದೊಡ್ಡ ನಗರಗಳಲ್ಲಿ ನೆಲೆಸದೆ ಸಣ್ಣ ಊರುಗಳಲ್ಲಿ ಇದ್ದು ದುಡಿಯುವವರಿಗೆಂದೇ 491 ಎಂಬ ಸಂಖ್ಯೆಯ ವೀಸಾ ಇದೆ. ಐದು ವರ್ಷದ ಅವಧಿ. ಮೂರು ವರ್ಷ ಹೀಗೆ ಇದ್ದು ದುಡಿದರೆ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಬಹುದು. ಇವನಿಗೆ ಒಂದೂವರೆ ವರ್ಷ ಮುಗಿದಿತ್ತು. ಊರು ಬಿಟ್ಟು ಒಟ್ಟು ನಾಲ್ಕು ವರ್ಷ.

ನಾನು ಹೊರಡುವ ಹಿಂದಿನ ದಿನ ಅವರ ಮನೆಗೆ ಹೋಗಿದ್ದೆ. ಅವನ ಅವ್ವ ರಾಗಿ ಹಿಟ್ಟು, ಆಲೆಮನೆಯಿಂದ ತಂದ ಅಚ್ಚು ಬೆಲ್ಲ, ಹುಣಸೇಹಣ್ಣು ಅಂತ ಒಂದು ಚೀಲ ಕಟ್ಟಿಟ್ಟಿದ್ದರು. ಅವನಪ್ಪನನ್ನು ನಾನು ಚಿಕ್ಕಂದಿನಿಂದ ದೊಡ್ಡಪ್ಪ ಅಂತಲೇ ಕರೆಯುವುದು. ಅವರು ಬಾಗಿಲವರೆಗೂ ಬಂದು, ‘ಎರಡೆಕ್ರೆ ಗದ್ದೆ ವಿಷ್ಯ ಏನಂತನೆ ಕೇಳ್ಕಂಡ್ ಬಾರಪ್ಪ. ಫೋನಲ್ಲಿ ಕೇಳುದ್ರೆ ಆಮೇಕ್ ಮಾತಾಡನ ಅಂತನೆ’ ಅಂದರು. ಹೆದ್ದಾರಿಗೆ ಹತ್ತಿರದ ಗದ್ದೆ. ಸೈಟು ಮಾಡುವವರು ವರ್ಷಕ್ಕೆ ನಾಲ್ಕು ಸಲ ಬಂದು ಕೇಳುತ್ತಾರೆ.

ಚೀಲದಲ್ಲಿದ್ದದ್ದನ್ನೆಲ್ಲ ವಿಮಾನದಲ್ಲಿ ಕೊಟ್ಟ ಫಾರಂನಲ್ಲಿ ಬರೆದಿದ್ದೆ. ಆಸ್ಟ್ರೇಲಿಯಾದಲ್ಲಿ ತಿನ್ನುವ ಪದಾರ್ಥದ ತಪಾಸಣೆ ಬಹಳ ಬಿಗಿ. ಅಧಿಕಾರಿ ಬೆಲ್ಲದ ಅಚ್ಚನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದೇನು ಎಂದು ಕೇಳಿ, ಬಿಟ್ಟುಬಿಟ್ಟರು.

ಮಕಾಯ್ ನೋಡಿದ ಮೊದಲ ದಿನ ನಾನು ನಕ್ಕುಬಿಟ್ಟೆ. ಎಂಟೊಂಬತ್ತು ಸಾವಿರ ಕಿಲೋಮೀಟರ್ ಹಾರಿಬಂದು ಕಿಟಕಿ ತೆರೆದರೆ ಎದುರಿಗೆ ಕಬ್ಬು! ಆಸ್ಟ್ರೇಲಿಯಾದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ, ನೂರಕ್ಕೆ 95ರಷ್ಟು, ಬರುವುದು ಕ್ವೀನ್ಸ್‌ಲ್ಯಾಂಡ್‌ನಿಂದ. ಅದರಲ್ಲೂ ಮಕಾಯ್ ತನ್ನನ್ನು ಸಕ್ಕರೆಯ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಸಕ್ಕರೆ ನಾಡಿನವನನ್ನು ಇನ್ನೊಂದು ಸಕ್ಕರೆ ನಾಡಿಗೆ ಕಳಿಸಿದಂತಾಗಿತ್ತು. ಜೂನ್‌ನಿಂದ ನವೆಂಬರ್, ಡಿಸೆಂಬರ್‌ವರೆಗೆ ಅಲ್ಲಿ ಕಬ್ಬು ಅರೆಯುವ ಹಂಗಾಮು. ಜುಲೈ ಅವರಿಗೆ ಚಳಿಗಾಲ. ಚಳಿ ಅಂದರೆ ನಮ್ಮ ಡಿಸೆಂಬರ್‌ನಷ್ಟು. ಬೆಳಿಗ್ಗೆ ಒಂದು ಸ್ವೆಟರ್, ಹತ್ತು ಗಂಟೆಗೆ ಅದೂ ಬೇಡ. ಊರಂಚಿನ ಸಕ್ಕರೆ ಗಿರಣಿಯಿಂದ ಗಾಳಿ ಬೀಸಿದಾಗ ಕಾಕಂಬಿಯ ವಾಸನೆ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡರೆ ಮಂಡ್ಯದ ಷುಗರ್ ಟೌನ್.

ಆ ನಾಲ್ಕು ದಿನದಲ್ಲಿ ಎರಡು ದಿನ ಗೆಳೆಯನಿಗೆ ಡ್ಯೂಟಿ ಇತ್ತು. ಅವನು ಬೆಳಿಗ್ಗೆ ಐದಕ್ಕೇ ಎದ್ದು ಹೋಗುತ್ತಿದ್ದ. ನಾನು ಎಂಟಕ್ಕೆ ಎದ್ದು, ಟೀ ಹಿಡಿದು ಮನೆಯ ಹಿಂದೆ ಕೂರುತ್ತಿದ್ದೆ. ಕಣ್ಣೆದುರಿಗೇ ಕಬ್ಬಿನ ರೈಲಿನ ಹಳಿ. ಎರಡೇ ಅಡಿ ಅಗಲದ ಹಳಿ, ಆಟಿಕೆ ಥರ. ಆದರೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇಂಥ ಹಳಿ ಸುಮಾರು 4 ಸಾವಿರ ಕಿಲೋಮೀಟರ್ ಇದೆ. ಗದ್ದೆ ಪಕ್ಕದಿಂದ ಗಿರಣಿಯ ಬಾಯಿಯವರೆಗೆ ಕಬ್ಬು ರೈಲಿನಲ್ಲೇ ಹೋಗುತ್ತದೆ. ಒಂದು ರೈಲಿನ ಡಬ್ಬಿಗಳನ್ನು ಎಂಬತ್ತರವರೆಗೆ ಎಣಿಸಿ ಸುಸ್ತಾಗಿ ಬಿಟ್ಟೆ. ಹೈಸ್ಕೂಲಿನಲ್ಲಿ ಹೆದ್ದಾರಿಯಲ್ಲಿ ಹೋಗುವ ಟ್ರ್ಯಾಕ್ಟರ್‌ಗಳಿಂದ ಕಬ್ಬು ಎಳೆಯುವುದರಲ್ಲಿ ನಾವಿಬ್ಬರೂ ಹೆಸರುವಾಸಿ. ಇಲ್ಲಿ ಆ ವಿದ್ಯೆಗೆ ಬೆಲೆಯಿಲ್ಲ. ಕಟಾವು ಯಂತ್ರ ಕಬ್ಬನ್ನು ಗೇಣುದ್ದ ತುಂಡು ಮಾಡಿಯೇ ಡಬ್ಬಿಗೆ ಸುರಿದಿರುತ್ತದೆ.

ಮೂರನೆಯ ದಿನ ಅವನಿಗೆ ರಜೆ. ಪಯನೀರ್ ಕಣಿವೆಯ ದಾರಿಯಲ್ಲಿ ಯುಂಗೆಲ್ಲಾ ಎಂಬ ಬೆಟ್ಟದ ಕಾಡಿಗೆ ಹೋಗಿ, ತೊರೆಯ ಪಕ್ಕ ಪಿಸುಗುಟ್ಟದೆ ಅರ್ಧ ಗಂಟೆ ಕೂತು, ಪ್ಲಾಟಿಪಸ್ ನೋಡಿದೆವು. ಬಾತುಕೋಳಿ ಮೂತಿಯ ಆ ಪ್ರಾಣಿ ಒಂದು ಸಲ ತಲೆಯೆತ್ತಿ ಮುಳುಗಿತು. ಅಷ್ಟೇ. ಬರುವಾಗ ಗೆಳೆಯ ತನಗೆ ಪರಿಚಯದ ಒಬ್ಬ ರೈತರ ಮನೆಗೆ ಕರೆದುಕೊಂಡು ಹೋದ. ಈ ದಿನ ನನಗೆ ಒಪೆರಾ ಹೌಸಿಗಿಂತ ದೊಡ್ಡದಾಗಿ ಕಂಡಿತು.

ಅವರ ತಾತ ಮಾಲ್ಟಾ ದ್ವೀಪದಿಂದ ಬಂದವರಂತೆ. ಮಕಾಯ್ ಕಡೆ ಮಾಲ್ಟಾ ಮೂಲದ ಕಬ್ಬು ಬೆಳೆಗಾರರು ಬಹಳ. ಇವರದು 150 ಹೆಕ್ಟೇರ್, ಅಂದರೆ 370 ಎಕರೆ. ‘ನಿಮ್ಮದೆಷ್ಟು?’ ಎಂದು ಕೇಳಿದರು. ನಮ್ಮದು ಒಂದೂಕಾಲು, ಇವನದು ಎರಡು ಎಕರೆ ಎಂದೆ. ಅವರು ನಗಲಿಲ್ಲ. ‘ಅಷ್ಟರಲ್ಲಿ ಮನೆ ನಡೆಯುತ್ತದೆಯೇ?’ ಎಂದು ಕೇಳಿದರು. ನಡೆಯುವುದಿಲ್ಲ, ಅದಕ್ಕೇ ಇವನು ಇಲ್ಲಿದ್ದಾನೆ ಎಂದೆ.

ಕಟಾವು ನಡೆಯುತ್ತಿದ್ದ ತಾಕಿಗೂ ಹೋದೆವು. ಒಂದು ಯಂತ್ರ, ಪಕ್ಕದಲ್ಲಿ ಕಬ್ಬು ತುಂಬಿಕೊಳ್ಳುವ ಎರಡು ಗಾಡಿ, ಒಟ್ಟು ಮೂರು ಜನ. ನಮ್ಮಲ್ಲಿ ಬಳ್ಳಾರಿ ಕಡೆಯಿಂದ ಗ್ಯಾಂಗ್ ಬರಬೇಕು, ಅದಕ್ಕೂ ಮೊದಲು ಕಾರ್ಖಾನೆಯಿಂದ ಕಟಿಂಗ್ ಆರ್ಡರ್ ಬರಬೇಕು, ಅಷ್ಟರಲ್ಲಿ ಕಬ್ಬು ಒಣಗಿ ಸೂಲಂಗಿ ಬಿಟ್ಟಿರುತ್ತದೆ. ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಯಂತ್ರವನ್ನಲ್ಲ, ನೆಲವನ್ನು. ಕಡಿದ ಮೇಲೆ ತರಗನ್ನು ಅವರು ಸುಟ್ಟಿರಲಿಲ್ಲ. ಗದ್ದೆ ತುಂಬ ಮೊಣಕಾಲುದ್ದ ಹಾಸಿತ್ತು. ತೇವ ಆರುವುದಿಲ್ಲ, ಕಳೆ ಏಳುವುದಿಲ್ಲ, ಕೂಳೆ ಅದರೊಳಗಿಂದಲೇ ಚಿಗುರಿಕೊಂಡು ಬರುತ್ತದೆ ಎಂದು ಕೈಯಿಂದ ತರಗು ಸರಿಸಿ ತೋರಿಸಿದರು. ಕೆಳಗೆ ಮಣ್ಣು ಕಪ್ಪಗೆ, ಒದ್ದೆ ಒದ್ದೆ. ಹಿಂದೆ ಇವರೂ ಸುಡುತ್ತಿದ್ದರಂತೆ. 1930ರ ದಶಕದಲ್ಲಿ ಇಲಿಗಳಿಂದ ಕಬ್ಬು ಕಡಿಯುವವರಿಗೆ ಇಲಿಜ್ವರ ಹರಡಿ ಸಾವುಗಳಾಗಿ, ಕೂಲಿಗಳು ಮುಷ್ಕರ ಹೂಡಿ, ಸುಟ್ಟ ಮೇಲೆಯೇ ಕಡಿಯುತ್ತೇವೆ ಎಂದಿದ್ದರು. ಯಂತ್ರ ಬಂದ ಮೇಲೆ ಹಸಿಗಬ್ಬನ್ನೇ ಕಡಿಯುವುದು ಮಕಾಯ್ ಕಡೆ ಮಾಮೂಲಾಯಿತು.

ದುಡ್ಡಿನ ಮಾತೂ ಬಂತು. ಅಲ್ಲಿ ಪ್ರತಿ ರೈತನ ಕಬ್ಬಿನ ರಸವನ್ನು ಗಿರಣಿಯಲ್ಲಿ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ, ಅದರಲ್ಲಿ ಎಷ್ಟು ಸಕ್ಕರೆ ಇದೆಯೋ ಅದರ ಲೆಕ್ಕದಲ್ಲಿ ಹಣ. ಚೆನ್ನಾಗಿ ಬೆಳೆದವನಿಗೆ ಹೆಚ್ಚು. ನಮ್ಮಲ್ಲಿ ಇಡೀ ಕಾರ್ಖಾನೆಯ ಸರಾಸರಿ ಇಳುವರಿ ನೋಡುತ್ತಾರೆ. 2025–26ನೇ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ, 10.25ರಷ್ಟು ಇಳುವರಿಗೆ, ಕ್ವಿಂಟಲ್‌ಗೆ 355 ರೂಪಾಯಿ. ಕಬ್ಬು ಸಾಗಿಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ದೊಡ್ಡಪ್ಪ ಒಂದು ವರ್ಷ ಒಂದು ಕಾರ್ಖಾನೆಗೆ ಕಬ್ಬು ಹಾಕಿ ಎಂಟು ತಿಂಗಳು ಓಡಾಡಿದ್ದನ್ನು ನಾನೇ ಕಂಡಿದ್ದೇನೆ. ಗೆಳೆಯನ ಆ ಸೆಮಿಸ್ಟರ್ ಫೀಸು ಕಟ್ಟಿದ್ದು ಅವ್ವನ ಓಲೆ ಅಡವಿಟ್ಟು.

ಅಂತ ಅಲ್ಲಿನ ರೈತರು ಸ್ವರ್ಗದಲ್ಲಿದ್ದಾರೆ ಅಂದುಕೊಳ್ಳಬೇಡಿ. ಅವರ ಸಕ್ಕರೆಯಲ್ಲಿ ಹೆಚ್ಚಿನದು ಹೊರದೇಶಕ್ಕೆ ಹೋಗುವುದು. ಬೆಲೆ ಲೋಕದ ಮಾರುಕಟ್ಟೆ ಹೇಳಿದಂತೆ. ಗಿರಣಿ ಕೆಟ್ಟು ನಿಂತರೆ ವರ್ಷದ ಕೊನೆಗೆ ಕಬ್ಬು ಗದ್ದೆಯಲ್ಲೇ ಉಳಿಯುತ್ತದೆ. ಇನ್ನೂ ಉತ್ತರದಲ್ಲಿ ಮಾಸ್‌ಮನ್ ಎಂಬ ಊರಿನ ನೂರು ವರ್ಷಕ್ಕೂ ಹಳೆಯ ಗಿರಣಿ ದಿವಾಳಿಯಾಗಿ, 2024ರಲ್ಲಿ ಅಲ್ಲಿನ ರೈತರ ಬಳಿ ಕಬ್ಬಿತ್ತು, ಅರೆಯುವವರಿರಲಿಲ್ಲ. ನಾನು ಮಂಡ್ಯದ ಮೈಷುಗರ್ ಕತೆ ಹೇಳಿದೆ. 1933ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿಯ ಶ್ರಮದಿಂದ ಹುಟ್ಟಿದ ಕಾರ್ಖಾನೆ, ಕೆಲವು ವರ್ಷ ನಿಂತೇ ಹೋಗಿ 2022ರಲ್ಲಿ ಮತ್ತೆ ಶುರುವಾಯಿತು ಎಂದೆ. ‘ಹಾಗಾದರೆ ನಿಮಗೆ ನಮ್ಮ ಭಾಷೆ ಅರ್ಥವಾಗುತ್ತದೆ’ ಎಂದರು ಆ ರೈತರು.

ಮಾರನೆಯ ದಿನ ಮಧ್ಯಾಹ್ನ ಒಬ್ಬನೇ ಊರಿನ ಲೈಬ್ರರಿಯಲ್ಲಿ ಕೂತಿದ್ದೆ. ಎಸಿ ಇತ್ತು, ಯಾರೂ ಏಳು ಅನ್ನಲಿಲ್ಲ. ಅಲ್ಲಿ ಓದಿದ್ದು ಈ ಊರಿನ ಇನ್ನೊಂದು ಮುಖ. 1863ರಿಂದ 1904ರವರೆಗೆ ಪೆಸಿಫಿಕ್ ಸಾಗರದ ದ್ವೀಪಗಳಿಂದ ಸುಮಾರು 62 ಸಾವಿರ ಜನರನ್ನು ಕೆಲವರಿಗೆ ಆಸೆ ತೋರಿಸಿ, ಕೆಲವರನ್ನು ಮೋಸದಿಂದ, ಕೆಲವರನ್ನು ಬಲವಂತದಿಂದ ತಂದು ಕ್ವೀನ್ಸ್‌ಲ್ಯಾಂಡ್‌ನ ತೋಟಗಳಲ್ಲಿ ದುಡಿಸಿದರು. ಕಾಡು ಕಡಿದು ಕಬ್ಬಿನ ನೆಲ ಮಾಡಿದವರು ಅವರು. 1901ರಲ್ಲಿ ಕಾನೂನು ತಂದು ಅವರಲ್ಲಿ ಹೆಚ್ಚಿನವರನ್ನು ವಾಪಸ್ ಅಟ್ಟಿದರು. ಉಳಿದುಕೊಂಡ ಕೆಲವರ ಮೊಮ್ಮಕ್ಕಳು, ಮರಿಮಕ್ಕಳು ಈಗಲೂ ಮಕಾಯ್‌ನಲ್ಲಿದ್ದಾರೆ. ಹತ್ತಿರದ ಫಿಜಿಗೆ ಇದೇ ಕಬ್ಬಿಗಾಗಿ ನಮ್ಮ ದೇಶದಿಂದಲೂ ಜನ ಹೋಗಿದ್ದರಲ್ಲ, 1879ರಿಂದ 1916ರವರೆಗೆ, ಗಿರ್ಮಿಟ್ ಕೂಲಿಗಳಾಗಿ. ಸಂಜೆ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ‘ನಂದು ಹಂಗಲ್ಲ ಬುಡು, ನಾನೇ ದುಡ್ ಕಟ್ಬುಟ್ಟು ಬಂದಿವ್ನಿ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೂ ವರ್ಕ್‌ಶಾಪಲ್ಲಿ ಅವರ ಕಡೆಯೋನೊಬ್ಬ ಅವ್ನೆ. ಒಂದಿನಾನೂ ಕೇಳಿಲ್ಲ ನೋಡು ನಾನು’ ಅಂದ.

ಅದು ಕೊನೆಯ ರಾತ್ರಿ. ಮುದ್ದೆ, ಹುರುಳಿಕಾಳಿನ ಬಸ್ಸಾರು ಅವನೇ ಮಾಡಿದ. ನಾಲ್ಕು ವರ್ಷದಲ್ಲಿ ಮುದ್ದೆ ಕಟ್ಟುವುದರಲ್ಲಿ ನಮ್ಮವ್ವನನ್ನೂ ಮೀರಿಸಿದ್ದಾನೆ, ಒಂದು ಗಂಟಿಲ್ಲ. ಉಂಡು ಸಮುದ್ರದ ಕಡೆ ನಡೆದೆವು. ಮರಳಿನ ಮೇಲೆ ಯಾರೂ ಇರಲಿಲ್ಲ. ದೂರದಲ್ಲಿ ಕಲ್ಲಿದ್ದಲಿಗೆ ಕಾದು ನಿಂತ ಹಡಗುಗಳ ದೀಪ. ನಾನು ಬಾಯಿ ತೆಗೆಯುವ ಮೊದಲೇ ಅವನೇ, ‘ಅಪ್ಪ ಏನೋ ಹೇಳ್ ಕಳ್ಸವ್ನೆ ಅಲ್ವೇನ್ಲಾ?’ ಅಂದ.

‘ಮಾರೋದಾ, ಮಡಿಕ್ಕಳೋದಾ, ನೀನ್ ಬತ್ತೀಯಾ, ಬರಾಕಿಲ್ವಾ?’ ಅಂದೆ.

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ, ‘ಬತ್ತೀನಿ ಅಂದ್ರೆ ಸುಳ್ಳಾಯ್ತದೆ. ಬರಾಕಿಲ್ಲ ಅಂದ್ರೆ ಅಪ್ಪ ಗದ್ದೆ ಕಡೆ ಹೋಗೋದೇ ಬುಟ್ಬುಡ್ತನೆ ಕಣ್ಲಾ. ಅದ್ಕೇ ಆಮೇಕೆ ಆಮೇಕೆ ಅಂತಿವ್ನಿ’ ಅಂದ. ಮಗ ಫೋನಿನಲ್ಲಿ ಮಾತು ತಪ್ಪಿಸುತ್ತಿದ್ದುದಕ್ಕೆ ಊರಿನಲ್ಲಿ ಏನೇನೋ ಅರ್ಥ ಹಚ್ಚಿದ್ದರು. ದುಡ್ಡು ಕಂಡು ಬದಲಾದ ಅಂದವರೂ ಇದ್ದರು. ಅಪ್ಪನ ಕಾಲಿಗೆ ದಿನಾ ಗದ್ದೆ ಬದುವಿನ ದಾರಿ ತಪ್ಪಬಾರದು ಅಂತ ಇವನು ನಾಲ್ಕು ವರ್ಷದಿಂದ ಬೈಸಿಕೊಳ್ಳುತ್ತಿದ್ದ.

ಕ್ವೀನ್ಸ್‌ಲ್ಯಾಂಡ್ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಬೆಳಿಗ್ಗೆ ಹನ್ನೊಂದಕ್ಕೆ, ಯಲಿಯೂರಿನಲ್ಲಿ ಆರೂವರೆಗೆ, ನನ್ನ ಎದುರಿಗೇ ಫೋನು ಮಾಡಿದ. ಸ್ಪೀಕರ್ ಹಾಕಿದ. ವೀಸಾ ಕತೆಯೆಲ್ಲ ಹೇಳಿ, ಐದಾರು ವರ್ಷ ಬಂದು ನೆಲೆಸುವುದು ಆಗುವುದಿಲ್ಲ, ನನಗೋಸ್ಕರ ಅಂತ ಗದ್ದೆ ಇಟ್ಟುಕೊಳ್ಳಬೇಡಪ್ಪ ಅಂದ. ಆ ಕಡೆ ಹಸು ಕೂಗಿದ್ದು ಕೇಳಿಸಿತು. ಆಮೇಲೆ ದೊಡ್ಡಪ್ಪನ ದನಿ:

‘ನಿನಗೋಸ್ಕರ ಮಡಿಕಂಡಿವ್ನಿ ಅಂದೋನ್ ಯಾವನ್ಲಾ? ನಂಗೋಸ್ಕರ ಮಡಿಕಂಡಿರೋದು. ಕಡಿಯೋ ಟೈಮಲ್ಲಿ ಆರ್ಡರ್ಗೆ, ಲಾರಿಗೆ ಓಡಾಡಕ್ಕೆ ನನ್ ಮೊಣಕಾಲ್ ಆಗಾಕಿಲ್ಲ. ಅದ್ಕೊಂದ್ ದಾರಿ ಹೇಳು ಅಂತ ಕೇಳುದ್ದು.’

ಗೆಳೆಯ ನನ್ನ ಮುಖ ನೋಡಿದ. ಓಡಾಟ ನಾನು ನೋಡಿಕೊಳ್ಳುತ್ತೇನೆ ದೊಡ್ಡಪ್ಪ, ಹೆಂಗೂ ನಮ್ಮ ಗದ್ದೆ ಪಕ್ಕದ್ದೇ ಅಲ್ಲವೇ ಅಂದೆ. ‘ಹಂಗಾದ್ರೆ ಸರಿ. ಉಂಡ್ಯಾ?’ ಎಂದು ಅವರು ಮಗನನ್ನು ಕೇಳಿದರು. ಮಾತು ಮುಗಿಯಿತು. ಮಧ್ಯಾಹ್ನದ ವಿಮಾನಕ್ಕೆ ಇನ್ನೂ ಹೊತ್ತಿತ್ತು. ಅವನು ಉಳಿದಿದ್ದ ಬೆಲ್ಲದ ಅಚ್ಚು ಒಡೆದು ಕಾಫಿ ಕಾಯಿಸಿದ.

ನವೆಂಬರ್‌ನಲ್ಲಿ ಅವರ ಗದ್ದೆ, ನಮ್ಮ ಗದ್ದೆ ಎರಡರಲ್ಲೂ ಕಬ್ಬು ಕಡಿಸಿದೆ. ಆರ್ಡರ್‌ಗಾಗಿ ಹದಿನೈದು ದಿನ ಓಡಾಡಬೇಕಾಯಿತು, ಅದು ಬೇರೆ ಮಾತು. ಕಡಿದ ಮೇಲೆ ತರಗಿಗೆ ಬೆಂಕಿ ಹಾಕಲು ದೊಡ್ಡಪ್ಪ ಕಡ್ಡಿಪೆಟ್ಟಿಗೆ ಹಿಡಿದು ಬಂದರು. ಬೇಡ ಎಂದು ಮಕಾಯ್‌ನ ಫೋಟೊ ತೋರಿಸಿದೆ. ಮೊಬೈಲು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಒಂದು ಎಕರೆಯಲ್ಲಿ ಬಿಟ್ಟು ನೋಡು ಅಂದರು. ಸಾಲು ಬಿಟ್ಟು ಸಾಲಿಗೆ ತರಗು ಹಾಸಿ ನೀರು ಕಟ್ಟಿದ್ದೇನೆ. ಕೂಳೆ ಈಗ ಗೇಣುದ್ದ ಎದ್ದಿದೆ. ಫೋಟೊ ಕಳಿಸಿದರೆ ಗೆಳೆಯ, ಇಲಿ ನೋಡ್ಕೊ ಎಂದಷ್ಟೇ ಬರೆದ. ಮೊನ್ನೆ ಆ ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ಬದುವಿನ ಮೇಲೆ ನಿಂತು ಗದ್ದೆಯನ್ನೂ ನನ್ನನ್ನೂ ನೋಡಿ, ‘ಪರದೇಸಕ್ಕೆ ಹೋಗ್ಬಂದು ಗದ್ದೆ ಗುಡಿಸಾಕೂ ಸೋಮಾರಿ ಆಗ್ಬುಟ್ಯೇನ್ಲಾ ಮಗ?’ ಅಂದರು.