ಅಮೆರಿಕದಲ್ಲಿ ನೆಲೆಯಿಲ್ಲದ ಯೋಧರ ಶುಶ್ರೂಷೆ

ರಣದಲ್ಲಿ ಮಡಿದವನಿಗೆ ಸಲ್ಲಬೇಕಾದ ಗೌರವವಾವುದೆಂಬುದನ್ನು ಎಲ್ಲ ನಾಡುಗಳೂ ಬಹುಕಾಲದಿಂದ ಅರಿತಿವೆ. ಬದುಕಿ ಹಿಂದಿರುಗಿಯೂ ಮನೆ ಸೇರಲಾರದೆ ಬೀದಿಯಲ್ಲಿ ಉಳಿದವನಿಗೆ ಏನು ಸಲ್ಲಬೇಕೆಂಬುದು ಅಷ್ಟು ಸುಲಭವಾಗಿ ತೀರ್ಮಾನವಾದ ವಿಷಯವಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. ಅದರಲ್ಲಿ ಈಚಿನ ಮುಖ್ಯ ವಿವಾದವೆಂದರೆ, ಚಿಕಿತ್ಸೆ ಮೊದಲೋ ಮನೆ ಮೊದಲೋ ಎಂಬುದು.

ಅಂತರ್ಯುದ್ಧವು ಮುಗಿಯುತ್ತ ಬಂದಾಗ, ೧೮೬೫ನೆಯ ಮಾರ್ಚಿ ೩ರಂದು, ಅಧ್ಯಕ್ಷ ಲಿಂಕನ್ನನು ಅಂಗವಿಕಲರಾದ ಸ್ವಯಂಸೇವಕ ಸೈನಿಕರಿಗಾಗಿ ರಾಷ್ಟ್ರೀಯ 'ಅಸೈಲಂ' ಒಂದನ್ನು ಸ್ಥಾಪಿಸುವ ಶಾಸನಕ್ಕೆ ಅಂಕಿತ ಹಾಕಿದನು. ಮರುವರ್ಷ ಮೇಯ್ನ್ ಪ್ರಾಂತದ ಟೋಗಸ್ಸಿನಲ್ಲಿ ಅದರ ಮೊದಲ ಶಾಖೆಯು ತೆರೆಯಿತು. 'ಅಸೈಲಂ' ಎಂಬ ಶಬ್ದಕ್ಕೆ ಹುಚ್ಚರ ಆಸ್ಪತ್ರೆಯ ಛಾಯೆಯುಂಟಷ್ಟೆ. ೧೮೭೩ರಲ್ಲಿ ಅದನ್ನು ತೆಗೆದು 'ಹೋಂ', ಎಂದರೆ ಮನೆ, ಎಂಬ ಶಬ್ದವನ್ನಿಟ್ಟರು. ಆಸ್ಪತ್ರೆ, ಪುಸ್ತಕಾಲಯ, ಕೆಲಸದ ಕೊಠಡಿ ಎಲ್ಲವೂ ಅಲ್ಲಿದ್ದವು. ಆದರೆ ನಿವಾಸಿಗಳು ಸಮವಸ್ತ್ರ ತೊಟ್ಟು ದಂಡಿನ ಕಟ್ಟಳೆಯಂತೆಯೇ ನಡೆಯಬೇಕಾಗಿತ್ತು. ಹೆಸರು ಮನೆಯಾಯಿತೇ ಹೊರತು ಬಾಳು ಪಾಳೆಯದ ಬಾಳಾಗಿಯೇ ಉಳಿಯಿತು. ೧೯೩೦ರಲ್ಲಿ ಈ ಸಂಸ್ಥೆಯು ಮಾಜಿ ಯೋಧರ ಹೊಸ ಆಡಳಿತಶಾಖೆಯಲ್ಲಿ ಲೀನವಾಯಿತು.

ವಿಯೆಟ್ನಾಮ್ ಯುದ್ಧದ ತರುವಾಯ ಪ್ರಶ್ನೆಯು ಮತ್ತೆ ತಲೆಯೆತ್ತಿತು. ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ಹೃದ್ರೋಗವೆಂದೂ ಮೊದಲನೆಯ ಮಹಾಯುದ್ಧದಲ್ಲಿ 'ಷೆಲ್ ಷಾಕ್' ಎಂದೂ ಕರೆಯಿಸಿಕೊಂಡಿದ್ದ ಬಗೆಯ ಮನೋವ್ಯಥೆಗೆ ೧೯೮೦ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗಸೂಚಿಯಲ್ಲಿ, ಆಘಾತೋತ್ತರ ವ್ಯಾಧಿಯೆಂಬ ಅರ್ಥದ ಹೆಸರಿನಿಂದ, ಸ್ಥಾನ ಕೊಟ್ಟರು. ಬೀದಿಗೆ ಬಿದ್ದವರೆಲ್ಲರೂ ಈ ವ್ಯಾಧಿಯಿಂದಲೇ ಬಿದ್ದವರೆಂದು ಭಾವಿಸಲಾಗದು. ಬಡತನ, ಮದ್ಯ, ಬಂಧುಗಳ ಅಗಲಿಕೆ, ಏರುತ್ತಿರುವ ಬಾಡಿಗೆ, ಇವೂ ಅಷ್ಟೇ ಬಲವಾದ ಕಾರಣಗಳು. ೧೯೮೮ರಲ್ಲಿ ಸಾನ್ ಡಿಯಾಗೋ ನಗರದಲ್ಲಿ ಮಾಜಿ ಯೋಧರೇ ಮುಂದಾಗಿ ಮೂರು ದಿನಗಳ ಶಿಬಿರವೊಂದನ್ನು ಹೂಡಿ ಅದಕ್ಕೆ 'ಸ್ಟ್ಯಾಂಡ್ ಡೌನ್' ಎಂದು ಹೆಸರಿಟ್ಟರು. ಕಾದಾಡಿ ದಣಿದ ತುಕಡಿಯನ್ನು ಹಿಂದಕ್ಕೆ ಕರೆದು, ಸ್ನಾನ, ಬಿಸಿಯೂಟ, ನಿದ್ರೆಗಳಿಗೆ ಅವಕಾಶ ಕೊಡುವುದಕ್ಕೆ ದಂಡಿನಲ್ಲಿ ಸಲ್ಲುವ ಮಾತದು. ಮರುವರ್ಷದ ಶಿಬಿರದಲ್ಲಿ ನ್ಯಾಯಾಧೀಶರೇ ಬಂದು, ಬೀದಿವಾಸದಿಂದ ಒದಗಿದ ಸಣ್ಣಪುಟ್ಟ ಮೊಕದ್ದಮೆಗಳನ್ನು ಅಲ್ಲಿಯೇ ಇತ್ಯರ್ಥಮಾಡಿದರು.

ಶಿಬಿರವು ಮೂರು ದಿನದ್ದು. ನಾಲ್ಕನೆಯ ದಿನದ ಗತಿಯೇನು? ಆ ಕಾಲದಲ್ಲಿ ಬಳಕೆಯಲ್ಲಿದ್ದ ಕ್ರಮವು ಮೆಟ್ಟಲುಗಳ ಕ್ರಮ. ಮೊದಲು ಕುಡಿತವನ್ನು ಬಿಡಬೇಕು, ಬಳಿಕ ತಂಗುದಾಣ, ಅಲ್ಲಿ ನಡತೆಯು ಸರಿಯಾದರೆ ಕೊನೆಗೆ ಮನೆ. ನೋಡಲು ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಸೇತುವೆಯ ಕೆಳಗೆ ಮಲಗುವವನು ಇನ್ಸುಲಿನ್ ಔಷಧವನ್ನು ತಂಪಾಗಿಡುವುದೆಲ್ಲಿ? ಕಾಲಿನ ಹುಣ್ಣನ್ನು ಒಣಗಿಸಿಕೊಳ್ಳುವುದು ಹೇಗೆ? ಆಸ್ಪತ್ರೆಯ ಕಾಗದವಾದರೂ ಯಾವ ವಿಳಾಸಕ್ಕೆ ಬರಬೇಕು? ಮನೆಯಿಲ್ಲದೆ ಗುಣವಿಲ್ಲ, ಗುಣವಾಗದೆ ಮನೆಯಿಲ್ಲ ಎಂಬ ಈ ಚಕ್ರದಲ್ಲಿ ಅನೇಕರು ಮೊದಲನೆಯ ಮೆಟ್ಟಲಿನಲ್ಲಿಯೇ ಉಳಿದರು.

ಇದಕ್ಕೆ ಪರಿಹಾರವಾಗಿ ಬೆಳೆದುದೇ 'ಮನೆ ಮೊದಲು' ಎಂಬ ಪಕ್ಷ. ೧೯೯೨ರಲ್ಲಿ ಆರಂಭವಾಗಿ ೨೦೦೮ರಿಂದ ಬಹುವಾಗಿ ವಿಸ್ತರಿಸಿದ 'ಹಡ್-ವ್ಯಾಷ್' ಯೋಜನೆಯು ಕ್ರಮೇಣ ಈ ಪಕ್ಷವನ್ನೇ ಅವಲಂಬಿಸಿತು. ಇದರಲ್ಲಿ ವಸತಿ ಇಲಾಖೆಯು ಬಾಡಿಗೆಯ ಹುಂಡಿಯನ್ನು ಕೊಡುತ್ತದೆ. ಬಾಡಿಗೆದಾರನು ಸಾಮಾನ್ಯವಾಗಿ ತನ್ನ ಆದಾಯದ ನೂರಕ್ಕೆ ೩೦ರಷ್ಟನ್ನು ತೆರುತ್ತಾನೆ. ಮಾಜಿ ಯೋಧರ ಇಲಾಖೆಯು ಒಬ್ಬ ಸಮಾಜಕಾರ್ಯಕರ್ತನನ್ನು ಗೊತ್ತುಮಾಡಿ, ವೈದ್ಯ, ಮನೋವೈದ್ಯ, ಉದ್ಯೋಗ ಇವುಗಳಿಗೆ ದಾರಿ ಮಾಡಿಸುತ್ತದೆ. ಇಲಾಖೆಯ ಕೆಲವು ಚಿಕಿತ್ಸಾಲಯಗಳಲ್ಲಿ ಮುಂಚಿತವಾಗಿ ಸಮಯವನ್ನು ಗೊತ್ತುಮಾಡಿಕೊಳ್ಳದೆ ಬಂದ ನೆಲೆಯಿಲ್ಲದವನನ್ನೂ ನೋಡುವ ಏರ್ಪಾಡುಂಟು.

ಫಲವೇನು? ೨೦೧೦ರ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ನೆಲೆಯಿಲ್ಲದ ಮಾಜಿ ಯೋಧರು ಸುಮಾರು ೭೪ ಸಾವಿರ. ೨೦೨೪ರ ಎಣಿಕೆಯಲ್ಲಿ ೩೨,೮೮೨. ಒಂದು ರಾತ್ರಿಯ ಎಣಿಕೆಯು ಪರಿಚಿತರ ಮನೆಯ ಮೂಲೆಯಲ್ಲಿ ಮಲಗಿದವನನ್ನು ಕಾಣದೆಂಬುದು ನಿಜ. ಆದರೂ ಇಳಿತವು ಅಲ್ಪವಲ್ಲ. ಮನೆಯೊಂದೇ ಸರ್ವರೋಗಕ್ಕೂ ಮದ್ದೆಂದು ಹೇಳುವವರು ಮಾತ್ರ ೨೦೦೩ರಲ್ಲಿ ಪ್ರಕಟವಾದ ಈ ಯೋಜನೆಯ ಪರಿಶೀಲನೆಯನ್ನು ಮರೆಯಬಾರದು. ಹುಂಡಿ ಪಡೆದವರು ಹೆಚ್ಚು ದಿನ ಮನೆಯಲ್ಲಿ ನೆಲೆಸಿದ್ದರು. ಕುಡಿತದಲ್ಲಿಯೂ ಮನೋವ್ಯಥೆಯಲ್ಲಿಯೂ ಅವರಿಗೂ ಇತರರಿಗೂ ಗಣನೀಯವಾದ ಅಂತರವು ಕಂಡುಬರಲಿಲ್ಲ. ಮನೆಯು ಚಿಕಿತ್ಸೆಯಲ್ಲ, ಚಿಕಿತ್ಸೆಗೆ ನಿಲ್ಲುವ ನೆಲ ಎಂದು ತಿಳಿಯುವುದೇ ಯುಕ್ತ.

ಗೌರವದ ಬಿಡುಗಡೆಯನ್ನು ಪಡೆಯದೆ ದಂಡಿನಿಂದ ಹೊರಬಿದ್ದವರ ಸ್ಥಿತಿ ಇನ್ನೂ ಕಷ್ಟತರವಾದುದು. ವ್ಯಾಧಿಯ ದೆಸೆಯಿಂದಲೇ ನಡತೆ ಕೆಟ್ಟು ಹೊರಬಿದ್ದವರೂ ಇವರಲ್ಲುಂಟು. ಇಂಥವರಲ್ಲಿ ಬಹುಮಂದಿಗೆ ಇಲಾಖೆಯ ಸೌಕರ್ಯಗಳು ದೊರೆಯುತ್ತಿರಲಿಲ್ಲ. ೨೦೨೧ರ ಶಾಸನವು ಇವರಲ್ಲಿ ಒಂದು ವರ್ಗಕ್ಕೆ ಬಾಡಿಗೆಯ ಹುಂಡಿಯನ್ನು ತೆರೆಯಿತು. ಅದೇ ವರ್ಷ ಮಿಲ್ವಾಕಿ ನಗರದಲ್ಲಿ, ಹಿಂದಿನ ರಾಷ್ಟ್ರೀಯ 'ಹೋಂ' ಶಾಖೆಗೆ ಸೇರಿ ೧೮೬೯ರಲ್ಲಿ ಕಟ್ಟಲ್ಪಟ್ಟು ದೀರ್ಘಕಾಲ ಪಾಳುಬಿದ್ದಿದ್ದ ಮುಖ್ಯಭವನವೂ ಅದರ ನೆರೆಯ ಐದು ಕಟ್ಟಡಗಳೂ ಜೀರ್ಣೋದ್ಧಾರಗೊಂಡು, ಒಟ್ಟು ೧೦೧ ಪ್ರತ್ಯೇಕ ಮನೆಗಳಾಗಿ, ನೆಲೆಯಿಲ್ಲದ ಯೋಧರಿಗೂ ಅವರ ಕುಟುಂಬಗಳಿಗೂ ತೆರೆದವು.